ಹಿಂದಿನ ಸೀಟು ಯಾರಪ್ಪಂದು?

ಬೆಂಗಳೂರಿನಲ್ಲಿ ಹೊಸ ಬೈಕ್ ತಗೊಂಡ ಹುಡುಗರು ಮೊದಲ ತಿಂಗಳಲ್ಲೇ ಮಾಡುವ ಘನಕಾರ್ಯ ಒಂದಿದೆ: ಹಿಂದಿನ ಸೀಟು ಕಿತ್ತು ಹಾಕುವುದು. ಮಡ್‌ಗಾರ್ಡ್ ಅರ್ಧ ಕತ್ತರಿಸಿ, ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ತೆಗೆದು ಗಿಡ್ಡದು ಹಾಕಿಸಿ, ಸ್ಪ್ರಿಂಗ್ ಮೇಲೆ ಕಂದು ಲೆದರ್‌ನ ಒಂಟಿ ಸೀಟು ಕೂರಿಸಿದರೆ 'ಬಾಬರ್' ರೆಡಿ. ಮೊಘಲ್ ದೊರೆ ಅಲ್ಲ, ಬೈಕಿನ ಸ್ಟೈಲು. ಇದು ಬರೀ ಶೋಕಿ ಅಲ್ಲ, ಮೂರ್ಖತನ ಅಂದರೆ ಸಿಟ್ಟಾಗಬೇಡಿ. ಆ ಮೂರ್ಖರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ನನ್ನ 350 ಸಿಸಿ ಗಾಡಿಗೆ 18,000 ರೂಪಾಯಿ ಸುರಿದು ಇದನ್ನೆಲ್ಲ ಮಾಡಿಸಿಕೊಂಡು ಊರಿಗೆ ಹೊರಟೆ. ಊರು ಹನೂರು ತಾಲ್ಲೂಕಿನ ಮಾರ್ಟಳ್ಳಿ. ಕೌದಳ್ಳಿಯಲ್ಲಿ ಟೀ ಕುಡಿದು ಗಾಡಿ ಹತ್ತುವಾಗ ನಮ್ಮ ಬೀದಿಯ ಅಜ್ಜಿ ಕೈ ಅಡ್ಡ ಹಿಡಿದರು. ಬಸ್ಸು ಹೋಗಿಬಿಟ್ಟಿತ್ತು. ಕೈಯಲ್ಲಿ ಆಸ್ಪತ್ರೆ ಚೀಟಿ, ಮಾತ್ರೆ ಕವರು.

"ಊರ್ಗಾ ಮೊಗಾ? ನನ್ನೂ ಕರ್ಕಂಡೋಗು" ಅಂತ ಹಿಂದಕ್ಕೆ ಬಂದವರು ಹಾಗೇ ನಿಂತರು. "ಇದ್ಯಾಕ್ ಮೊಗಾ, ಸೀಟ ಕಳ್ರು ಹೊತ್ಕಂಡೋದ್ರಾ?"

ನಾನೇ ದುಡ್ಡು ಕೊಟ್ಟು ಕೀಳಿಸಿದೆ ಅಂತ ಹೇಗೆ ಹೇಳಲಿ? "ರಿಪೇರಿಗೆ ಬುಟ್ಟಿವ್ನಿ ಕಣಜ್ಜಿ" ಅಂದೆ. ಅಷ್ಟರಲ್ಲಿ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಮುಂದೆ ಹಿಂಡಿ ಮೂಟೆ ಇಟ್ಟುಕೊಂಡು ಬಂದ ಹುಡುಗ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಹೋದ. 100 ಸಿಸಿ ಕೂಡ ತುಂಬದ ಆ ಗಾಡಿಯ ಹಿಂದೆ ಹಿಂದೆಯೇ ನಾನು ಒಬ್ಬನೇ ಊರು ಸೇರಿದೆ.

ಎಕ್ಸ್‌ಎಲ್‌ನ ಹಿಂದಿನ ಸೀಟನ್ನೂ ಕಳಚಬಹುದು. ಆದರೆ ಅದನ್ನು ಕಳಚುವುದು ರಾಗಿ ಮೂಟೆ, ಹಾಲಿನ ಕ್ಯಾನು ಇಡಲಿಕ್ಕೆ. ಕೆಲಸ ಮುಗಿದರೆ ಸೀಟು ವಾಪಸ್. 2017ರ ಅಕ್ಟೋಬರ್‌ನಲ್ಲಿ ನಮ್ಮ ಸಾರಿಗೆ ಇಲಾಖೆ, 100 ಸಿಸಿಗಿಂತ ಸಣ್ಣ ಗಾಡಿಗಳಲ್ಲಿ ಹಿಂದೆ ಯಾರೂ ಕೂರುವಂತಿಲ್ಲ ಎಂಬ ಹಳೆಯ ನಿಯಮವನ್ನು ಜಾರಿ ಮಾಡಲು ಹೊರಟಾಗ ದೊಡ್ಡ ಗಲಾಟೆಯಾಯಿತು. ಎಕ್ಸ್‌ಎಲ್ 100ರ ಎಂಜಿನ್ 99.7 ಸಿಸಿ! ಕೊನೆಗೆ ಮಿತಿಯನ್ನು 50 ಸಿಸಿಗೆ ಇಳಿಸುತ್ತೇವೆ ಅಂತ ಸರ್ಕಾರವೇ ಹೇಳಬೇಕಾಯಿತು. ಸರ್ಕಾರ ಕಿತ್ತುಕೊಳ್ಳಲು ಬಂದಾಗ ಬೊಬ್ಬೆ ಹೊಡೆದು ಉಳಿಸಿಕೊಂಡ ಸೀಟನ್ನು ನಾವು ದುಡ್ಡು ಕೊಟ್ಟು ಕೀಳಿಸುತ್ತಿದ್ದೇವೆ.

ಇನ್ನು ಗಿಡ್ಡ ಶಾಕ್ ಕಥೆ. ನೀವು ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಮೂರನೇ ಒಂದು ಭಾಗದಷ್ಟು ಕುಸಿಯಬೇಕು. ಆಗ ಗುಂಡಿ ಸಿಕ್ಕರೂ ಚಕ್ರ ಕೆಳಗಿಳಿದು ನೆಲ ಹಿಡಿಯುತ್ತದೆ. ಗಿಡ್ಡ ಮಾಡಿದಿರೋ, ಪ್ರತಿ ಹಂಪ್‌ಗೂ ಸೊಂಟಕ್ಕೆ ಗುದ್ದು. ಹಿಂಭಾಗ ಇಳಿದಷ್ಟೂ ಮುಂದಿನ ಫೋರ್ಕ್ ಓರೆಯಾಗಿ, ಗಾಡಿ ತಿರುಗಲು ಸೋಮಾರಿಯಾಗುತ್ತದೆ. ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಇದು ಗೊತ್ತಾದಾಗ ನನಗೆ ಬೆವರು ಕಿತ್ತು ಬಂತು. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ವಾಲುವ ಬದಲು ನೆಟ್ಟಗೆ ನಿಲ್ಲುತ್ತಿತ್ತು, ಗಾಳಿ ಬಂದರೆ ಬಿದ್ದೇ ಹೋಗುವ ಹಾಗೆ.

ತಮಾಷೆ ಏನು ಗೊತ್ತಾ? ಕಂಪನಿ ಕೊಟ್ಟ ಶಾಕ್‌ನ ಸ್ಪ್ರಿಂಗ್ ಕೆಳಗೆ ಸಣ್ಣ ಮೆಟ್ಟಿಲುಗಳಿರುವ ಒಂದು ಬಳೆ ಇರುತ್ತದೆ. ಒಬ್ಬರೇ ಇದ್ದರೆ ಕೆಳಗಿನ ಮೆಟ್ಟಿಲು, ಹಿಂದೆ ಯಾರಾದರೂ ಕೂತರೆ ಮೇಲಿನದು. ತಿರುಗಿಸಲು ಒಂದು ಸ್ಪ್ಯಾನರ್ ಸಾಕು. ಇದನ್ನು ಎಷ್ಟು ಜನ ಒಮ್ಮೆಯಾದರೂ ಮುಟ್ಟಿದ್ದೀರಿ? ನಾನೂ ಮುಟ್ಟಿರಲಿಲ್ಲ. ಹಿಂದೆ ಇನ್ನೊಬ್ಬರು ಕೂರುತ್ತಾರೆ ಅಂತ ಯಾರೋ ಎಂಜಿನಿಯರ್ ಲೆಕ್ಕ ಹಾಕಿ ಇಟ್ಟದ್ದನ್ನು, ಇನ್ನೊಬ್ಬ ಎಂಜಿನಿಯರ್ ಆದ ನಾನು ನೋಡದೇ ಬಿಚ್ಚಿ ಬಿಸಾಕಿದ್ದೆ.

"ನನ್ನ ದುಡ್ಡು, ನನ್ನ ಬೈಕು, ನಿಂಗೇನು?" ಅನ್ನುತ್ತೀರಿ. ಸರಿ. ಒಂಟಿ ಸೀಟೇ ಬೇಕಿದ್ದರೆ 2019ರಲ್ಲಿ ಮಾರುಕಟ್ಟೆಗೆ ಬಂದ ಜಾವಾ ಪೆರಾಕ್‌ನಂಥದ್ದು ತಗೊಳ್ಳಿ, ಅದು ಫ್ಯಾಕ್ಟರಿಯಿಂದಲೇ ಹಾಗೆ ಬರುತ್ತದೆ. ಎರಡು ಸೀಟಿನ ಗಾಡಿಯನ್ನು ಕತ್ತರಿಸುವುದು ಬೇರೆ ಮಾತು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅಮೆರಿಕದ ಹುಡುಗರು ಒಂದು ಕಾಲದಲ್ಲಿ ಮಡ್‌ಗಾರ್ಡ್ ಕತ್ತರಿಸಿದ್ದು ಭಾರ ಇಳಿಸಿ ಜೋರಾಗಿ ಓಡಿಸಲಿಕ್ಕೆ. ನಾವು ಕತ್ತರಿಸುವುದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಲ್ಲಲಿಕ್ಕೆ.

ಮಾಡಿಫೈ ಮಾಡಬೇಡಿ ಅನ್ನುತ್ತಿಲ್ಲ. ದುಡ್ಡಿದ್ದರೆ ಅದೇ ಉದ್ದದ, ಕಂಪನಿ ಹೇಳಿದ ಅಳತೆಯ ಒಳ್ಳೆ ಶಾಕ್ ಹಾಕಿಸಿ. ಹಿಂದೆ ಕೂತವರ ಬೆನ್ನಿಗೂ ನೆಮ್ಮದಿ ಸಿಗಲಿ. ಆದರೆ ಊರಲ್ಲಿ ಹತ್ತಾರು ಜನರ ಗಾಡಿಯ ಹಿಂದೆ ಕೂತೇ ಶಾಲೆಗೆ, ಬಸ್ ಸ್ಟ್ಯಾಂಡಿಗೆ, ಕಾಲೇಜಿಗೆ ಹೋಗಿ ಬೆಳೆದವರು ನಾವು. ನಮ್ಮ ಸರದಿ ಬಂದಾಗ ಸೀಟೇ ಇಲ್ಲ ಅನ್ನುವುದು ಯಾವ ಸ್ಟೈಲು?

ನಾನು ಹಳೇ ಸೀಟು, ಹಳೇ ಶಾಕ್ ಎರಡನ್ನೂ ವಾಪಸ್ ಹಾಕಿಸಿದೆ. ಎರಡನೇ ಹೆಲ್ಮೆಟ್ಟೂ ತಗೊಂಡೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿ ಜಗುಲಿಯಿಂದಲೇ ಕೇಳಿದರು: "ರಿಪೇರಿ ಆಯ್ತಾ ಮೊಗಾ?"

"ಆಯ್ತು ಕಣಜ್ಜಿ" ಅಂದೆ. ಈ ಸಲ ಸುಳ್ಳು ಹೇಳಲಿಲ್ಲ.