ಟರ್ಬೊ ಅಗ್ಗ, ಮಿಕ್ಕಿದ್ದೆಲ್ಲ ದುಬಾರಿ

ವಿಜಯನಗರದ ಹತ್ತಿರ ಹೊಸಹಳ್ಳಿ ಮೆಟ್ರೊ ಇಳಿದು ಗಲ್ಲಿಯೊಳಗೆ ಹೋದರೆ ಒಂದು ಶೀಟಿನ ಶೆಡ್ಡು. ಒಳಗೆ ಆರು ಸಿಲಿಂಡರಿನ ಹಳೇ ಹೋಂಡಾ ಅಕಾರ್ಡ್. ಯಜಮಾನ ನಮ್ಮೂರ ಕಡೆಯ ಹುಡುಗ. ಹಗಲು ಗ್ಯಾರೇಜ್ ಕೆಲಸ, ರಾತ್ರಿ ಈ ಕಾರು. ಗುಜರಿಯಿಂದ ಎರಡು ಟರ್ಬೊ ತಂದು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದಾನೆ. "ಇದು ಕೂತ್ರೆ ಕುಣಿಗಲ್ ರೋಡಲ್ಲಿ ಯಾರೂ ಹಿಂದೆ ಬರಲ್ಲ ಅಣ್ಣಾ" ಅಂದ.

ಇದನ್ನು ಹುಚ್ಚು ಅಂತ ನಾವು ಹೇಳಲ್ಲ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ, ಅದೇ ಶಾಫ್ಟಿನ ಇನ್ನೊಂದು ಚಕ್ರ ಎಂಜಿನ್‌ಗೆ ಗಾಳಿ ತುರುಕುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಮಂಗಳೂರಿಗಿಂತ ಇಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. ಟರ್ಬೊ ಆ ಕೊರತೆ ತುಂಬುತ್ತದೆ.

ಆದರೆ ಗೋಣಿಚೀಲದಲ್ಲಿರುವುದು ಖರ್ಚಿನ ಸಣ್ಣ ಪಾಲು ಅಷ್ಟೇ. ಟರ್ಬೊ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದು ತೇಲುವುದು ಎಂಜಿನ್ ಆಯಿಲ್ ಮೇಲೆ. ಆಯಿಲ್ ವಾಪಸ್ ಸಂಪಿಗೆ ತಾನಾಗಿ ಇಳಿದುಹೋಗಬೇಕು. ಪೈಪು ಒಂದು ಕಡೆ ಮೇಲೆದ್ದರೂ ಸೀಲಿನಲ್ಲಿ ಸೋರಿ ಹೊಗೆ ಏಳುತ್ತದೆ. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ, ತಣ್ಣಗಾಗಿಸಲು ಇಂಟರ್‌ಕೂಲರ್ ಬೇಕು. ಗಾಳಿ ಹೆಚ್ಚಾದ ಹಾಗೆ ಪೆಟ್ರೋಲೂ ಹೆಚ್ಚಬೇಕು: ದೊಡ್ಡ ಇಂಜೆಕ್ಟರ್, ಹೊಸ ಇಸಿಯು ಲೆಕ್ಕ. ಪೆಟ್ರೋಲ್ ಕಮ್ಮಿ ಬಿದ್ದರೆ ಪಿಸ್ಟನ್ ಕರಗುತ್ತದೆ. ಟರ್ಬೊ ಇಲ್ಲದೆ ಓಡಲೆಂದು ಹೆಚ್ಚು ಕಂಪ್ರೆಶನ್ ಇಟ್ಟು ಮಾಡಿದ ಎಂಜಿನ್ ಇದು, ಸ್ವಲ್ಪ ಜಾಸ್ತಿ ಒತ್ತಿದರೂ ನಾಕಿಂಗ್ ಶುರು. ಇಷ್ಟೆಲ್ಲ ಆದಮೇಲೂ ಬ್ರೇಕು ಹಳೆಯದೇ. ಅವನ ಪಟ್ಟಿ ನೋಡಿದೆವು, ಬ್ರೇಕಿನ ಹೆಸರೇ ಇರಲಿಲ್ಲ! ನಮ್ಮ ತಕರಾರು ಇರುವುದು ಇಲ್ಲೇ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಚ್ಚಿಟ್ಟು ಓಡಿಸಿ ಎಲ್ಲಾದರೂ ಗುದ್ದಿದರೆ ವಿಮೆ ಕ್ಲೇಮೂ ಕೈತಪ್ಪಬಹುದು. ಕಾರಲ್ಲಿ ಅಪ್ಪ ಅಮ್ಮ ಕೂತಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ.

ಹೀಗಿದ್ದರೂ ಬರೀ ಬೇಡ ಅನ್ನುವ ಕಾನೂನು ನಮಗೆ ಒಪ್ಪಿಗೆಯಿಲ್ಲ. ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು, ಅಂಗವಿಕಲರಿಗೆ ಅನುಮತಿ ಪಡೆದು ಗಾಡಿ ಬದಲಾಯಿಸಲು ಅವಕಾಶವಿದೆ. ಜರ್ಮನಿಯಲ್ಲಿ ಮಾರ್ಪಾಡು ಮಾಡಿದ ಕಾರನ್ನು ತಪಾಸಣೆಗೆ ಒಯ್ದರೆ ಬ್ರೇಕು, ಹೊಗೆ ಎಲ್ಲ ನೋಡಿ, ಪಾಸಾದರೆ ದಾಖಲೆಗೆ ಸೇರಿಸುತ್ತಾರೆ. ಅಂಥ ಬಾಗಿಲು ಇಲ್ಲೂ ಇರಲಿ, ಶುಲ್ಕ ಕಟ್ಟಿಸಿಕೊಳ್ಳಲಿ. ಬಾಗಿಲು ಇಲ್ಲದಿರುವುದರಿಂದಲೇ ಕೆಲಸ ಕತ್ತಲಲ್ಲಿ ನಡೆಯುತ್ತಿದೆ, ಬ್ರೇಕು ಕೇಳುವವರಿಲ್ಲ. ಅಲ್ಲಿವರೆಗೆ ಆ ಕಾರು ರಸ್ತೆಗೆ ಬರಬಾರದು ಅಂತ ಅವನಿಗೂ ಹೇಳಿದೆವು. ಮುಖ ಸಣ್ಣದು ಮಾಡಿಕೊಂಡ.

ಹೊರಡುವ ಮುಂಚೆ ಒಂದೊಂದೇ ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿಸಿದೆವು. ಐದು ಸಿಲಿಂಡರ್ 170ರ ಆಸುಪಾಸು, ಮೂರನೆಯದು 120. ರಿಂಗೋ ವಾಲ್ವೋ ಇನ್ನೂ ಗೊತ್ತಾಗಬೇಕು. ಗೋಣಿಚೀಲ ಸದ್ಯಕ್ಕೆ ಬೆಂಚಿನ ಕೆಳಗಿದೆ.