ನಾಡಿ ಸಿಗದ ಕೈ

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಆತನ ಮಗಳಿಗೆ 26 ವರ್ಷ. ಟಕಯಾಸು ಕಾಯಿಲೆಯೆಂದು ಗೊತ್ತಾಗಿ ಐದು ವರ್ಷಗಳಾಗಿವೆ. "ಈಗ ಚೆನ್ನಾಗಿದ್ದಾಳೆ ಮೇಷ್ಟ್ರೇ. ಒಂದು ಸಂಬಂಧ ಕೂಡಿಬರುವ ಹಾಗಿದೆ. ಮಾತ್ರೆ ನಿಲ್ಲಿಸಿಬಿಡೋಣ, ಗಂಡಿನ ಕಡೆಯವರಿಗೆ ಹೇಳುವುದು ಬೇಡ ಅಂತ ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ" ಎಂದನು. ಅಂದು ನಾನಾಡಿದ ಮಾತು ಕೊಂಚ ಒರಟಾಯಿತು. ಅದನ್ನೇ ಇಲ್ಲಿ ಸಮಾಧಾನದಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿಯೂ ಹೆಣ್ಣುಮಕ್ಕಳ ತಂದೆತಾಯಿಯರು ಅನೇಕರಿದ್ದೀರಿ.

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಹಾಪಧಮನಿ ಮತ್ತು ಅದರ ಕವಲುಗಳ ಮೇಲೆ ಎರಗುತ್ತದೆ. ರಕ್ತನಾಳದ ಭಿತ್ತಿ ಊದಿ ದಪ್ಪವಾಗಿ, ರಕ್ತದ ದಾರಿ ಕಿರಿದಾಗುತ್ತದೆ. 1908ರಲ್ಲಿ ಇದರ ಕಣ್ಣಿನ ಲಕ್ಷಣವನ್ನು ವರದಿ ಮಾಡಿದವರು ಜಪಾನಿನ ನೇತ್ರವೈದ್ಯ ಮಿಕಿತೊ ಟಕಯಾಸು. 'ನಾಡಿಯಿಲ್ಲದ ಕಾಯಿಲೆ' ಎಂಬ ಹೆಸರೂ ಇದಕ್ಕುಂಟು. ಹೆಚ್ಚಾಗಿ ಬರುವುದು ನಲವತ್ತರೊಳಗಿನ ಸ್ತ್ರೀಯರಿಗೆ. ಈ ಹುಡುಗಿಯ ಎಡಗೈಯಲ್ಲಿ ನಾಡಿ ಸಿಗುವುದಿಲ್ಲ. ಅಂಥ ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರೆ ಯಂತ್ರ ಸುಳ್ಳು ಹೇಳುತ್ತದೆ. ಒಳಗೆ ಒತ್ತಡ ಏರಿದ್ದರೂ ಅಲ್ಲಿ ಕಡಿಮೆಯೇ ಕಾಣುತ್ತದೆ. ಎರಡು ಕೈಗಳೂ ಹಾಗಾದರೆ ಕಾಲಿನಲ್ಲಿ ನೋಡಬೇಕು.

ಆಯುಸ್ಸಿನ ಬಗೆಗೆ ಭಯಪಡಬೇಕಾದಷ್ಟಿಲ್ಲ. 120 ಜಪಾನೀ ರೋಗಿಗಳನ್ನು ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ವರ್ಷಗಳ ಬಳಿಕ ಬದುಕುಳಿಯುವವರ ಪ್ರಮಾಣ ಶೇಕಡ 83ರಷ್ಟಿತ್ತು. ಆದರೆ ರಕ್ತದೊತ್ತಡ ಏರಿದವರ, ಹೃದಯದ ಕವಾಟ ಸೋರಿದವರ ಸ್ಥಿತಿ ಅಷ್ಟು ನೆಮ್ಮದಿಯದಲ್ಲ. ಅಡಗಿದ ರೋಗ ಮತ್ತೆ ತಲೆಯೆತ್ತುವುದು ಸಾಮಾನ್ಯ; ರಕ್ತಪರೀಕ್ಷೆ ಸರಿಯಿದ್ದಾಗಲೂ ನಾಳ ಒಳಗೊಳಗೇ ಕಿರಿದಾಗಬಹುದು. "ಚೆನ್ನಾಗಿದ್ದಾಳೆ" ಎಂಬುದು ಮಾತ್ರೆಯ ಫಲ. ಸ್ಟೀರಾಯ್ಡ್ ಮಾತ್ರೆಯಿಂದ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ನಿಜ. ಅದನ್ನು ಇಳಿಸುವ ಕ್ರಮ ವೈದ್ಯರಿಗೆ ಗೊತ್ತು. ಬಹುಕಾಲ ನುಂಗಿದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ.

ಇನ್ನು ಮುಚ್ಚಿಡುವ ಮಾತು. ಇಂಥವರು ತಾಯಿಯಾಗಬಹುದು, ಆಗಿದ್ದಾರೆ ಕೂಡ. ಆದರೆ ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್‌ಗಳಂಥ ಔಷಧಗಳನ್ನು ಗರ್ಭ ಧರಿಸುವುದಕ್ಕೆ ಮೊದಲೇ ವೈದ್ಯರು ಬದಲಿಸಬೇಕು. ಒಂಬತ್ತು ತಿಂಗಳೂ ರಕ್ತದೊತ್ತಡದ ಮೇಲೆ ಕಣ್ಣಿಟ್ಟಿರಬೇಕು. ಗಂಡನಿಗೇ ತಿಳಿಸದೆ ಇದೆಲ್ಲ ನಡೆಯುವುದೆಂತು? ಮಾತ್ರೆಯ ಡಬ್ಬಿಯನ್ನು ಸೀರೆಗಳ ನಡುವೆ ಬಚ್ಚಿಟ್ಟು ಸಂಸಾರ ಮಾಡೆಂದು ಮಗಳನ್ನು ಕಳಿಸುವುದೇ? ಹೀಗೆಂದೇ ನಾನು ಕೇಳಿದ್ದು. ಆತನು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋದನು.

ಮೊನ್ನೆ ಫೋನು ಮಾಡಿದ್ದನು. ಮಾತ್ರೆ ನಿಲ್ಲಿಸಿಲ್ಲ. ಹುಡುಗನಿಗೆ ವಿಷಯವನ್ನು ಮಗಳೇ ಹೇಳಿದಳಂತೆ. ಅವರ ಕಡೆಯಿಂದ ಉತ್ತರ ಇನ್ನೂ ಬಂದಿಲ್ಲ.