ದೋಸೆಗೆ ಬೈದು ಫಲವೇನು? ಬಾಣಲೆ ನೋಡಿ ಸ್ವಾಮಿ!

ದಾವಣಗೆರೆ ಮಂದಿಗೆ ಡಾಕ್ಟರು ಹೇಳುವ ಮೊದಲನೇ ಬುದ್ಧಿಮಾತು ಒಂದೇ: "ಹೊರಗಡೆ ತಿನ್ನೋದು ಬಿಡ್ರಿ." ಸಕ್ಕರೆ ಕಾಯಿಲೆ ಬಂದರೂ ಅದೇ, ಬಿ.ಪಿ. ಏರಿದರೂ ಅದೇ, ಹೊಟ್ಟೆ ಮುಂದಕ್ಕೆ ಬಂದರೂ ಅದೇ.

ಹೇಳುವುದೇನೋ ಸುಲಭ. ಚೌಕಿಪೇಟೆಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಹಾಕುವ ವ್ಯಾಪಾರಿ ಮಧ್ಯಾಹ್ನ ಎಲ್ಲಿ ಉಣ್ಣಬೇಕು? ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಮೊದಲನೇ ಬಸ್ಸಿಗೆ ಹೊರಟ ಗುಮಾಸ್ತ ಮನೆಯಲ್ಲಿ ತಿಂಡಿ ಆಗುವ ತನಕ ಕಾಯುತ್ತಾನೆಯೇ? ಇಂಥವರಿಗೆ ಹೋಟೆಲು ಶೋಕಿಯಲ್ಲ, ಅದೇ ಅಡುಗೆಮನೆ. ಅದನ್ನು ಬಿಡಿ ಎಂದರೆ ಉಪವಾಸ ಇರಿ ಎಂದ ಹಾಗೆ.

ಹಾಗಾದರೆ ದಿನಾ ಹೋಟೆಲಿನಲ್ಲಿ ತಿಂದು ಆರೋಗ್ಯ ಉಳಿಸಿಕೊಳ್ಳೋಕೆ ಆಗುತ್ತಾ? ಆಗುತ್ತೆ. ಆದರೆ ಕೆಲಸ ಹಂಚಿಕೊಳ್ಳಬೇಕು. ತಟ್ಟೆಯಲ್ಲಿ ಕಣ್ಣಿಗೆ ಕಾಣುವುದು ತಿನ್ನುವವನ ಹೊಣೆ. ಅಡುಗೆಮನೆ ಗೋಡೆಯ ಆಚೆ ಕಾಣದೆ ಇರುವುದು ಮಾಲೀಕನ ಹೊಣೆ, ಅವನ ಮೇಲೆ ಕಣ್ಣಿಡಬೇಕಾದ ಸರ್ಕಾರದ ಹೊಣೆ. ಈಗ ಆಗುತ್ತಿರುವುದೇನು? ಎಲ್ಲ ಭಾರವನ್ನೂ ತಿನ್ನುವವನ ನಾಲಿಗೆ ಮೇಲೆ ಹೊರಿಸಿ ಮಿಕ್ಕವರು ಕೈ ತೊಳೆದುಕೊಂಡಿದ್ದಾರೆ.

ವಿಷಯ ಸಣ್ಣದೇನಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರೇ ಹತ್ತು ಕೋಟಿ ದಾಟಿದ್ದಾರೆ. ರಕ್ತದೊತ್ತಡದವರು ಅದರ ಮೂರರಷ್ಟು. ಅಂಗಡಿ ಸಾಲಿನಲ್ಲಿ ನಿಂತು ಕೇಳಿದರೆ ಮಾತ್ರೆ ನುಂಗದ ಗಲ್ಲಾಪೆಟ್ಟಿಗೆ ಹುಡುಕಬೇಕಾದೀತು.

ಬೆಣ್ಣೆ ದೋಸೆಯ ಲೆಕ್ಕ

ಮೊದಲು ತಿನ್ನುವವನ ಪಾಲು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಸೂಚಿ ಹೊರಡಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವನಿಗೆ ಎಣ್ಣೆ, ಬೆಣ್ಣೆ, ತುಪ್ಪ ಎಲ್ಲ ಸೇರಿ ಅದು ಇಟ್ಟಿರುವುದು 27 ಗ್ರಾಂ. ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ. ಸಕ್ಕರೆ 25 ಗ್ರಾಂ ಮೀರಬಾರದು. ತರಕಾರಿ, ಹಣ್ಣು ಮಾತ್ರ ಧಾರಾಳ, ಅರ್ಧ ಕಿಲೋ.

ಈಗ ನಮ್ಮೂರಿನ ತಟ್ಟೆ ನೋಡಿ. ಒಂದು ದೊಡ್ಡ ಚಮಚ ಬೆಣ್ಣೆಗೆ ಸುಮಾರು 100 ಕ್ಯಾಲೊರಿ. ಕಾವಲಿ ಮೇಲೆ ಒಂದಿಷ್ಟು, ತಟ್ಟೆಗೆ ಬಂದ ಮೇಲೆ ಮತ್ತೊಂದು ಮುದ್ದೆ, ಅದೂ ಎರಡೆರಡು ದೋಸೆ! ದಿನದ ಜಿಡ್ಡಿನ ಕೋಟಾ ಬೆಳಗಿನ ತಿಂಡಿಗೇ ಖಲಾಸ್. ಕಾಫಿಗೆ ಎರಡು ಚಮಚ ಸಕ್ಕರೆಯಂತೆ ನಾಲ್ಕು ಸಲ ಕುಡಿದರೆ 40 ಗ್ರಾಂ. ಸಂಜೆ ಮಂಡಕ್ಕಿ ಮಿರ್ಚಿ ಇನ್ನೂ ಬಾಕಿ.

ಹಾಗಂತ ಬೆಣ್ಣೆ ದೋಸೆಯನ್ನು ಊರಿನಿಂದ ಗಡೀಪಾರು ಮಾಡಬೇಕಾಗಿಲ್ಲ. ವಾರಕ್ಕೊಂದು ದಿನ ಸಂತೋಷವಾಗಿ ತಿನ್ನಲಿ, ಆವತ್ತು ಸಂಜೆ ಮಿರ್ಚಿ ಬಿಡಲಿ. ಊರ ದೋಸೆಯ ಕಥೆಯೇ ಇಲ್ಲಿ ಪಾಠ ಹೇಳುತ್ತದೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ದೋಸೆ ವ್ಯಾಪಾರ ಶುರು ಮಾಡಿದರು, ಆಗ ಹೊಯ್ದದ್ದು ರಾಗಿ ದೋಸೆ, ಅಕ್ಕಿ ಬೆಣ್ಣೆ ಬಂದದ್ದು ಮಕ್ಕಳ ಕಾಲಕ್ಕೆ ಎಂಬುದು ಪ್ರಚಲಿತ ಮಾತು. ಅಂದರೆ ಕಾಲಕ್ಕೆ ತಕ್ಕಂತೆ ದೋಸೆ ಒಮ್ಮೆ ಬದಲಾಗಿದೆ. ಇನ್ನೊಮ್ಮೆ ಬದಲಾದರೆ ಹೋಟೆಲಿನವರ ಗಂಟೇನು ಹೋಗುತ್ತೆ? ಬೆಣ್ಣೆ ಕಡಿಮೆ ಹಾಕಿದ ರಾಗಿ ದೋಸೆಯೂ ಬೋರ್ಡಿನ ಮೇಲೆ ಒಂದು ಸಾಲಿನಲ್ಲಿ ಇರಲಿ.

ದಿನನಿತ್ಯದ ಊಟಕ್ಕೆ ದಾವಣಗೆರೆಯಷ್ಟು ಅನುಕೂಲ ಬೇರೆ ಊರಿಗೆ ಕಮ್ಮಿ. ಖಾನಾವಳಿಗಳಿವೆ. ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪಿನ ಪಲ್ಯ, ಪಕ್ಕಕ್ಕೆ ಹಸಿ ಸೌತೆಕಾಯಿ ಮೆಂತ್ಯ ಸೊಪ್ಪು, ಒಂದು ಬಟ್ಟಲು ಮೊಸರು. ಹೈದರಾಬಾದಿನ ತಜ್ಞರು ಬರೆದ ತಟ್ಟೆಗೆ ಇದು ಹತ್ತಿರದಲ್ಲೇ ಇದೆ. ಅನ್ನ ಅರ್ಧಕ್ಕೆ ನಿಲ್ಲಿಸಿ, ಉಪ್ಪಿನಕಾಯಿ ಹಪ್ಪಳ ಬಿಟ್ಟರೆ ಬಿ.ಪಿ.ಯವರೂ ಉಣ್ಣಬಹುದು. ಇಡ್ಲಿ ಎಣ್ಣೆ ಇಲ್ಲದೆ ಆವಿಯಲ್ಲಿ ಬೇಯುವ ತಿಂಡಿ, ಅದರ ಜೊತೆ ವಡೆ ಇರಲೇಬೇಕು ಅಂತ ಯಾವ ಶಾಸ್ತ್ರವೂ ಇಲ್ಲ. ಇನ್ನು ಕನ್ನಡನಾಡಿನ ಬೈ-ಟು ಪದ್ಧತಿ! ಕಾಸು ಉಳಿಸೋಕೆ ಹುಟ್ಟಿದ್ದು ಈಗ ಸಕ್ಕರೆ ಉಳಿಸೋಕೂ ಆದೀತು. ಕಾಫಿಗೆ ಬೈ-ಟು ಇದ್ದ ಮೇಲೆ ದೋಸೆಗೆ ಯಾಕೆ ನಾಚಿಕೆ?

ಕಾಣದ ಕಡೆ ಏನು ಕಥೆ?

ಇಲ್ಲಿಗೆ ತಿನ್ನುವವನ ಕೈಯಲ್ಲಿರುವುದು ಮುಗಿಯಿತು. ಮಿರ್ಚಿ ಕರಿದ ಎಣ್ಣೆ ಇವತ್ತಿನದೋ ಮೊನ್ನೆಯದೋ ಎಂದು ಕಟ್ಟೆ ಮೇಲೆ ಕೂತವನಿಗೆ ಹೇಗೆ ಗೊತ್ತಾಗಬೇಕು?

ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಕೆಡುತ್ತದೆ, ಹೃದಯಕ್ಕೆ ಕೇಡು ತರುವ ಪದಾರ್ಥಗಳು ಅದರಲ್ಲಿ ಹುಟ್ಟುತ್ತವೆ. ಕಾನೂನಿದೆ. ಕೆಟ್ಟ ಎಣ್ಣೆಯ ಅಳತೆಗೆ ಟಿಪಿಸಿ ಎನ್ನುತ್ತಾರೆ, ಅದು ಶೇಕಡಾ 25 ದಾಟಿದರೆ ಅಡುಗೆಗೆ ಬಳಸುವ ಹಾಗಿಲ್ಲ ಎಂದು 2018ರ ಜುಲೈ 1ರಿಂದ ನಿಯಮ. ಅಳೆಯಲು ಕೈಯಲ್ಲಿ ಹಿಡಿಯುವ ಮೀಟರೂ ಇದೆ. ಎಣ್ಣೆಗೆ ಅದ್ದಿದರೆ ಸ್ವಲ್ಪ ಹೊತ್ತಿನಲ್ಲೇ ಅಂಕಿ ತೋರಿಸುತ್ತದೆ. ಆದರೆ ಮಿರ್ಚಿ ಬಾಣಲೆ ಒಲೆ ಏರುವುದು ಸಂಜೆ, ಕಚೇರಿ ಬೀಗ ಬೀಳುವ ಹೊತ್ತಿಗೆ. ಮೀಟರು ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಅದಕ್ಕೆ ಸಿಗುವುದು ತೊಳೆದಿಟ್ಟ ಬಾಣಲೆ. ತಪಾಸಣೆ ಸಂಜೆ ಆರರ ಮೇಲೆ, ರಾಂ ಅಂಡ್ ಕೋ ವೃತ್ತದಲ್ಲಿ, ಬಸ್ ನಿಲ್ದಾಣದ ಸುತ್ತ ನಡೆಯಬೇಕು. ಎಣ್ಣೆಯ ಅಂಕಿಯನ್ನು ಅಲ್ಲೇ ಅಂಗಡಿ ಮುಂದೆ ಬರೆದು ಅಂಟಿಸಬೇಕು.

ತಪಾಸಣೆಯಿಂದ ಫಲ ಇಲ್ಲ ಎನ್ನುವವರು 2024ರ ಮಾರ್ಚ್ ನೆನಪು ಮಾಡಿಕೊಳ್ಳಲಿ. ರಾಜ್ಯದಲ್ಲಿ 171 ಕಡೆ ಗೋಬಿ ಮಂಚೂರಿ ತಂದು ಪರೀಕ್ಷೆ ಮಾಡಿದರೆ 107ರಲ್ಲಿ ಕೃತಕ ಬಣ್ಣ! ಆಮೇಲೆ ತಾನೇ ನಿಷೇಧ ಬಂದದ್ದು? 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದು ಐವತ್ತಕ್ಕೂ ಹೆಚ್ಚು ಕಡೆ ಸಿಕ್ಕಿತು. ಪಾಪ, ಡಾಕ್ಟರ ಮಾತು ಕೇಳಿ ಇಡ್ಲಿ ತಿಂದವನಿಗೆ ಪ್ಲಾಸ್ಟಿಕ್ಕು! ಅವನ ನಾಲಿಗೆ ಚಪಲದ್ದೇನು ತಪ್ಪು?

ಮಾಲೀಕರ ಮಾತೂ ಕೇಳಬೇಕು

ಹೋಟೆಲಿನವರೆಲ್ಲ ಕಟುಕರಲ್ಲ. ಎಣ್ಣೆ ರೇಟು, ಸಿಲಿಂಡರ್ ರೇಟು, ಬಾಡಿಗೆ, ಭಟ್ಟರ ಸಂಬಳ ಎಲ್ಲ ಕಳೆದು ಗಲ್ಲಾದಲ್ಲಿ ಉಳಿಯುವುದು ಎಷ್ಟು ಎಂದು ಅಂಗಡಿ ಇಟ್ಟ ಯಾರಿಗಾದರೂ ಗೊತ್ತು. ದಿನಾ ಎಣ್ಣೆ ಚೆಲ್ಲಿ ಎಂದರೆ ತಳ್ಳುಗಾಡಿಯವನು ಅಳುತ್ತಾನೆ. ಅದಕ್ಕೂ ದಾರಿ ಇದೆ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಸುರಿಯುವ ದೊಡ್ಡವರು ಅದಕ್ಕೆ ಲೆಕ್ಕ ಇಟ್ಟು, ಒಪ್ಪಿಗೆ ಪಡೆದ ಸಂಗ್ರಹಕಾರರಿಗೇ ಕೊಡಬೇಕೆಂದು 2019ರಿಂದ ನಿಯಮವಿದೆ. ಚಿಕ್ಕವರ ಎಣ್ಣೆ ಕೊಳ್ಳಲು ಪಾಲಿಕೆ ವಾರ್ಡಿಗೊಂದು ಜಾಗ ಗೊತ್ತು ಮಾಡಲಿ. ಹಳೇ ಎಣ್ಣೆಗೆ ನಾಲ್ಕು ಕಾಸು ಹುಟ್ಟಿದರೆ ಅದನ್ನು ನಾಳೆಗೆ ಮುಚ್ಚಿಡುವವನು ಕಡಿಮೆಯಾಗುತ್ತಾನೆ.

ಇನ್ನು ಪಾರ್ಸೆಲ್. ಕುದಿಯುವ ಸಾಂಬಾರು ತೆಳು ಪ್ಲಾಸ್ಟಿಕ್ ಕವರಿಗೆ, ಬಿಸಿ ಮಿರ್ಚಿ ಹಳೇ ಪೇಪರಿಗೆ. ಪತ್ರಿಕೆಯಲ್ಲಿ ತಿಂಡಿ ಕಟ್ಟುವ ಹಾಗಿಲ್ಲ ಎಂದು ಕೇಂದ್ರದ ನಿಯಮವೇ ಹೇಳುತ್ತದೆ. ಬಿಸಿ ಎಣ್ಣೆಗೆ ಮಸಿ ಬಿಟ್ಟುಕೊಳ್ಳುತ್ತದೆ. ಸಂಜೆ ಪತ್ರಿಕೆ ಓದಿ ಮಡಚಿಡಿ ಸ್ವಾಮಿ, ಅದರ ಮಸಿ ಹೊಟ್ಟೆಗೆ ಹೋಗುವುದು ಬೇಡ. ಮನೆಯ ಅಟ್ಟದ ಮೇಲೆ ಕೂತಿರುವ ಟಿಫನ್ ಕ್ಯಾರಿಯರ್ ಕೆಳಗಿಳಿಸಿದರೆ ಆಯಿತು. ಬಾಳೆ ಎಲೆ, ಮುತ್ತುಗದ ಎಲೆಯೂ ಊರಿನಲ್ಲಿ ಸಿಗುತ್ತದೆ.

ಕಡೆಯದಾಗಿ ಗಿರಾಕಿಗೆ ತಿಳಿದಿರಬೇಕಾದ ಒಂದು ಮಾತು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಕಲಮಿನ ಪ್ರಕಾರ ತಿಂಡಿ ಕೊಂಡ ಯಾರು ಬೇಕಾದರೂ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯಿದೆಗೆ ವಿರುದ್ಧವಾಗಿದ್ದರೆ ಕಟ್ಟಿದ ದುಡ್ಡು ವಾಪಸ್ಸು. ಈ ಹಕ್ಕು ಇದೆ ಅಂತ ಎಷ್ಟು ಮಂದಿಗೆ ಗೊತ್ತು? ಪ್ರತಿ ಹೋಟೆಲಿನ ದರಪಟ್ಟಿಯ ಕೆಳಗೆ ಎರಡು ಸಾಲು ಕನ್ನಡದಲ್ಲಿ ಇದನ್ನೂ ಬರೆಸಲು ಜಿಲ್ಲಾಡಳಿತಕ್ಕೆ ಖರ್ಚೇನೂ ಇಲ್ಲ.

ತಿನ್ನುವವನು ಒಂದು ದೋಸೆ ಕಡಿಮೆ ಮಾಡಲು ತಯಾರಿದ್ದಾನೆ. ಆಹಾರ ಸುರಕ್ಷತಾ ಅಧಿಕಾರಿಗಳು ಒಂದು ಸಂಜೆ ಹೆಚ್ಚು ಕೆಲಸ ಮಾಡಲು ತಯಾರಿದ್ದಾರೆಯೇ?